ಕವರ್ ಹೊದ್ದ ಕಾರು

ಮಾರ್ಚ್ 3, ಸೋಮವಾರ

ಮತ್ತೆ ಅದೇ. ಫಿಸಿಯೋಥೆರಪಿ ಕ್ಲಿನಿಕ್ ಮುಂದೆ, ವೀಲ್‌ಚೇರ್ ಚಿಹ್ನೆ ಬರೆದ ಜಾಗದಲ್ಲಿ, ಬೂದು ಕವರ್ ಹೊದ್ದ ಕಾರು. ಕವರ್ ನೆಲ ಮುಟ್ಟುತ್ತಿದೆ. ನಂಬರ್ ಪ್ಲೇಟಿನ ಫೋಟೋ ಇಲ್ಲದೆ ನಮ್ಮ ಮೆಷಿನ್ ದಂಡದ ನೋಟಿಸ್ ಕೊಡುವುದಿಲ್ಲ. ನಮ್ಮಂಥ ಪಾರ್ಕಿಂಗ್ ವಾರ್ಡನ್‌ಗಳು ಗಾಡಿ ಮುಟ್ಟುವಂತೆಯೂ ಇಲ್ಲ — ಕವರ್ ಎತ್ತಿದರೆ ನೋಟಿಸೇ ರದ್ದು. ಯಾರೋ ಮಹಾಶಯ ರೂಲ್ಸು ಅರೆದು ಕುಡಿದಿದ್ದಾನೆ.

ರ‍್ಯಾಂಪ್ ಇರುವುದು ಆ ಜಾಗದ ಪಕ್ಕದಲ್ಲೇ. ಕಾರು ಅದಕ್ಕೂ ಅಡ್ಡ. ಕ್ಲಿನಿಕ್ಕಿಗೆ ಬರುವ ವೀಲ್‌ಚೇರಿನ ಹುಡುಗಿಯ ತಾಯಿ ಇವತ್ತೂ ದೂರದ ಮೂಲೆಯಲ್ಲಿ ವ್ಯಾನ್ ನಿಲ್ಲಿಸಿ, ಏಳು ವರ್ಷದ ಮಗಳನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿದಳು. ಆ ತಾಯಿಯ ಸೊಂಟಕ್ಕೇ ನೋವಿನ ಬೆಲ್ಟ್.

"ಇನ್ನೊಂದ್ ವಾರ ಹಿಂಗೇ ಆದ್ರೆ ಬರೋದೇ ಬಿಟ್‌ಬಿಡ್ತೀನಿ ಮೇಡಂ."

ಬಿಟ್ಟರೆ ಮಗು ನಡೆಯುವ ಆಸೆಯನ್ನೂ ಬಿಡಬೇಕಂತೆ, ಡಾಕ್ಟರ್ ಹೇಳಿದ್ದಾರೆ. ಜಾಗ ನಾನು ಖಾಲಿ ಮಾಡಿಸುತ್ತೇನೆ ಎಂದುಬಿಟ್ಟೆ. ಹೇಳಿದ ಮೇಲೆ ಮುಗಿಯಿತು.

ಮಾರ್ಚ್ 4

ಸೂಪರ್‌ವೈಸರ್ ಕೈ ಚೆಲ್ಲಿದರು. ನಂಬರ್ ಇಲ್ಲದೆ ಟೋ ಲಾರಿಯವನೂ ಬರುವುದಿಲ್ಲವಂತೆ. ಊರಲ್ಲಿ ಬೇರೆ ಗಾಡಿ ಇಲ್ಲವೇನಮ್ಮ ಎಂದರು. ಇವೆ. ನನಗೆ ಇದೇ ಬೇಕು.

ರಸ್ತೆಯಲ್ಲಿ ಬೋರಲು ಮಲಗಿ ಕವರಿನ ಸಂದಿಯಲ್ಲಿ ಇಣುಕಿದೆ. ಟೈರು ಕಂಡಿತು, ನಂಬರ್ ಇಲ್ಲ. ಎದ್ದರೆ ಯೂನಿಫಾರ್ಮೆಲ್ಲ ಧೂಳು. ಬಸ್‌ಸ್ಟಾಪಿನವರು ಮುಸಿಮುಸಿ ನಕ್ಕರು. ನಗಲಿ, ಬಿಟ್ಟಿ ಸಿನಿಮಾ.

ಕವರ್ ಹೊದಿಸಿದವನು ತೆಗೆಯಲೇಬೇಕಲ್ಲ... ನಾಳೆಯಿಂದ ಡ್ಯೂಟಿ ಮುಗಿದ ಮೇಲೆ ಎದುರಿನ ಬೆಂಚಿನಲ್ಲೇ ಠಿಕಾಣಿ.

ಮಾರ್ಚ್ 7, ಸಂಜೆ

ಎರಡು ಸಂಜೆ ಬೆಂಚಿನಿಂದ ಬೇಗ ಎದ್ದುಹೋಗಿದ್ದೆ, ಇವತ್ತು ಏಳಲಿಲ್ಲ.

ಅಂಗಡಿಗಳು ಮುಚ್ಚುವ ಹೊತ್ತು. ಒಬ್ಬ ಬಂದು ಸರಕ್ಕನೆ ಕವರ್ ಎಳೆದ. ನಮ್ಮ ಕಣ್ಣು ಮೊದಲು ಹೋಗುವುದು ಪ್ಲೇಟಿಗೆ. ಮುಖ ನೋಡಿದರೆ ಕೈ ತಡೆಯುತ್ತದೆ, ಮೊದಲು ನಂಬರ್ ಹಿಡಿಯಿರಿ — ಟ್ರೇನಿಂಗಿನಲ್ಲಿ ಹೇಳಿಕೊಡುವುದೇ ಹಾಗೆ. ಫೋಟೋ ಹೊಡೆದೆ. ನಂಬರ್ ಒತ್ತಿದೆ. ಆಮೇಲೆ ತಲೆ ಎತ್ತಿದೆ.

ತಮ್ಮ.

ಹೋದ ತಿಂಗಳು ಸೆಕೆಂಡ್‌ಹ್ಯಾಂಡ್ ಕಾರು ಕೊಂಡಿದ್ದ. ಕ್ಲಿನಿಕ್ ಪಕ್ಕದ ಕನ್ನಡಕದ ಅಂಗಡಿಯಲ್ಲಿ ಕೆಲಸ. ಕೆಲಸಕ್ಕೆ ಬಸ್ಸಲ್ಲೇ ಹೋಗುತ್ತೇನೆ ಎಂದಿದ್ದ, ನಂಬಿದ್ದೆ.

"ಕವರ್ ಹಾಕಿದ್ರೆ ಯಾರೂ ಏನೂ ಮಾಡಕ್ಕಾಗಲ್ಲ ಅಂತ ನೀನೇ ಹೇಳಿದ್ದಲ್ವಾ ಅಕ್ಕ?"

ಹೇಳಿದ್ದೆ. ಊಟ ಮಾಡುತ್ತಾ, ಅಮ್ಮನನ್ನೂ ಅವನನ್ನೂ ನಗಿಸಲು. ಈ ಹಾಳು ಬಾಯಿ.

ಮೆಷಿನ್ ಕೇಳುತ್ತಿತ್ತು — ಕಳಿಸಲೇ, ಅಳಿಸಲೇ? ಕಳಿಸಿದೆ.

ಮಾರ್ಚ್ 9, ಭಾನುವಾರ

ಅಮ್ಮ ಮಾತು ಬಿಟ್ಟಿದ್ದಾಳೆ. ಅಡುಗೆಮನೆಯಲ್ಲಿ ಪಾತ್ರೆಗಳದ್ದೇ ಮಾತು. ಸ್ವಂತ ತಮ್ಮನಿಗೇನೇ, ಎಂದು ಒಂದೇ ಸಲ ಕೇಳಿದ್ದು. ಆ ತಾಯಿಯ ಸೊಂಟದ ಕತೆ ಹೇಳಿದೆ. ಮುಖ ತಿರುಗಿಸಿಕೊಂಡಳು.

ಪ್ರತಿ ಭಾನುವಾರ ಊಟಕ್ಕೆ ಬರುವ ತಮ್ಮ ಬರಲಿಲ್ಲ. ಅಪ್ಪ ಹೋದ ಮೇಲೆ ಇವನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು ನಾನು. ನಾನೇ ಫೋನ್ ಮಾಡಿದೆ. ನಂಬರ್ ತಪ್ಪಾಗಿ ಓದಿದೆ ಅಂತ ಆಫೀಸಿಗೆ ಬರೆದುಕೊಡು, ಎಲ್ಲ ಸರಿಹೋಗುತ್ತೆ ಎಂದ. ಆಗುವುದಿಲ್ಲ ಎಂದೆ.

"ಹಂಗಾದ್ರೆ ನಾಳೆನೂ ಅಲ್ಲೇ ನಿಲ್ಲಿಸ್ತೀನಿ. ಏನ್ ಮಾಡ್ತೀಯ?"

"ನಿಲ್ಲಿಸು. ನಾನೂ ಅಲ್ಲೇ ಇರ್ತೀನಿ."

ಫೋನ್ ಇಟ್ಟುಬಿಟ್ಟ. ಕೂತು ಅತ್ತುಬಿಟ್ಟೆ. ಮುಖ ತೊಳೆದು ಯೂನಿಫಾರ್ಮಿಗೆ ಇಸ್ತ್ರಿ ಹಾಕಿದೆ.

ಮಾರ್ಚ್ 10, ಬೆಳಿಗ್ಗೆ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಜಾಗ ಖಾಲಿ ಇದೆ. ಹೊರಡುವಾಗ ಅಮ್ಮ ಬಾಗಿಲವರೆಗೆ ಬಂದಳು. ಅಷ್ಟೇ ಸಾಕಿತ್ತು.

ತಿರುವಿನಲ್ಲಿ ತಮ್ಮನ ಕಾರು. ಅದರ ಹಿಂದೆಯೇ ಹುಡುಗಿಯ ವ್ಯಾನ್ — ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದೆ ಮಗು.

ತಮ್ಮ ನಿಧಾನ ಮಾಡಿದ. ನನ್ನನ್ನು ನೋಡಿದ. ಈ ಜಾಗದ ಕಡೆಗೇ ಇಂಡಿಕೇಟರ್ ಹಾಕಿದ.

ಮುಂದೆ ಹೋಗೋ. ನನ್ನಪ್ಪ, ಮುಂದೆ ಹೋಗೋ... ಹೋಗದಿದ್ದರೂ ಸರಿ. ಮೆಷಿನ್ ಆನ್ ಮಾಡಿದ್ದೇನೆ. ಎದ್ದು ನಿಂತೆ, ನಾನಂತೂ ಈ ಜಾಗ ಬಿಟ್ಟು ಕದಲುವುದಿಲ್ಲ.