ಮಜ್ಜಿಗೆಯ ಪುಟಕ್ಕೆ ಐದು ನಕ್ಷತ್ರ

೧೪ ಜೂನ್ ೨೦೨೫, ಶನಿವಾರ. ಶಹಾಬಾದ್

ವಿಮರ್ಶೆ ತಿದ್ದಬೇಕೋ ಬೇಡವೋ, ಇನ್ನೂ ತೀರ್ಮಾನವಾಗಿಲ್ಲ.

ಜೇನು, ಸೇತುವೆ, ಹಲ್ಲುನೋವು, ಯಾವ ವಿಷಯದ ಪುಸ್ತಕವಾದರೂ ಓದಿ ಅಂತರ್ಜಾಲದಲ್ಲಿ ಅಭಿಪ್ರಾಯ ಬರೆಯುವ ಚಟ ನನಗೆ. ಹೋದ ತಿಂಗಳು ನಮ್ಮ ಕಲ್ಲುಗಣಿಗಳ ಮೇಲಿನ ಪುಸ್ತಕಕ್ಕೆ ಐದು ನಕ್ಷತ್ರ ಕೊಟ್ಟೆ. ಸುತ್ತಿಗೆ ಎತ್ತುವ ಮೊದಲು ಗಣಿಯವರು ಬಂಡೆಗೆ ಮಜ್ಜಿಗೆ ಎರೆಯುತ್ತಾರೆಂಬ ಪುಟವನ್ನು ಹೊಗಳಿ, ‘ಲೇಖಕರಿಗೆ ಕೇಳಿಸಿಕೊಳ್ಳುವ ಕಿವಿಯಿದೆ’ ಎಂದು ಬರೆದೆ. ನಲವತ್ತು ಜನ ಮೆಚ್ಚಿದ್ದಾರೆ.

ಇವತ್ತು ಆ ಪುಟವನ್ನು ಅಪ್ಪನಿಗೆ ಓದಿ ಹೇಳಿದೆ. ರಾವೂರಿನ ಗಣಿಯಲ್ಲಿ ಮೂವತ್ತು ವರ್ಷ ಕಲ್ಲು ತೆಗೆದವರು. ಕೆಮ್ಮು ಬರುವವರೆಗೆ ನಕ್ಕರು.

“ಏ ಲುಂಬಿನಿ, ಆ ಸಾಹೇಬಗ ಹೇಳಿದಾಂವ ನಾನೇ. ಊಟದ ಮಜ್ಜಿಗಿ ಕೈಜಾರಿ ಕಲ್ಲಿನ ಮ್ಯಾಲ ಚೆಲ್ಲಿತ್ತು. ಯಾಕ ಹಾಕಿದಿ ಅಂತ ಭಾಳ ಆಸೆಲೆ ಕೇಳಿದ. ಎರಡು ತಾಸು ಬಿಸಿಲಾಗ ಕುಂತಾಂವನ್ನ ಬರಿಗೈಲೆ ಹ್ಯಾಂಗ ಕಳಸಲಿ?”

ನನ್ನ ವಿಮರ್ಶೆಯನ್ನೂ ಓದಿಸಿಕೊಂಡರು. ಕಿವಿಯ ಮಾತು ಬಂದಾಗ ತಲೆಯಾಡಿಸಿದರು.

“ಅದು ಖರೇನೇ ಅದ. ಹೇಳಿದ್ದೆಲ್ಲಾ ಬರಕೊಂಡ. ಕಲ್ಲು ಹ್ಯಾಂಗ ಸೀಳ್ತಿ ಅಂತ ಮಾತ್ರ ಕೇಳಲಿಲ್ಲ.”

ಅಷ್ಟು ಹೇಳಿ ಚಹಾ ಕುಡಿದರು.

ಆಮೇಲೆ ತಿದ್ದಲು ಕುಳಿತೆ. ಒಂದು ನಕ್ಷತ್ರ ತೆಗೆದೆ, ಮತ್ತೆ ಹಾಕಿದೆ. ಲೇಖಕರು ಅಪ್ಪನ ಹತ್ತಿರ ಕುಳಿತದ್ದು ಎರಡೇ ತಾಸು. ನಾನು ಮೂವತ್ತೆಂಟು ವರ್ಷದಿಂದ ಅವರ ಮಗಳು. ಕಲ್ಲು ಹೇಗೆ ಸೀಳುತ್ತೀರೆಂದು ಒಮ್ಮೆಯೂ ಕೇಳಿಲ್ಲ. ಈಗ ಕೇಳೋಣವೆಂದರೆ ಅಪ್ಪ ಮಲಗಿಬಿಟ್ಟಿದ್ದಾರೆ.