ನಮ್ಮಮ್ಮ ನೋಡಿ ನಕ್ಕ ಚಿತ್ರವನ್ನು ನೀವು ನಿಷೇಧಿಸಿದ್ದೀರಿ

ಪತ್ರಿಕಾ ದೂರು ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮನಸ್ಸಿಗೆ ತೀವ್ರ ಘಾಸಿಯಾಗಿದೆ ಎಂಬ ಸಂಗತಿ ನಿಮ್ಮ ಆದೇಶ ಓದಿದ ಮೇಲೆಯೇ ನನಗೆ ತಿಳಿಯಿತು. ಏಳು ಪುಟಗಳ ಆ ಆದೇಶದ ಮೂರನೇ ಪುಟದಲ್ಲಿ ‘ಮೃತರ ಕುಟುಂಬಗಳ ಭಾವನೆಗಳಿಗೆ ಧಕ್ಕೆಯುಂಟಾಗಿರುವುದು ನಿಸ್ಸಂದೇಹ’ ಎಂದಿದೆ. ಮೃತರು ಒಂಬತ್ತು ಜನ. ಅವರಲ್ಲಿ ಒಬ್ಬಳು ನನ್ನ ತಂಗಿ. ನಮ್ಮ ಮನೆಗೆ ನಿಮ್ಮ ಕಡೆಯಿಂದ ಯಾರೂ ಬಂದಿರಲಿಲ್ಲ, ಒಂದು ಕಾಗದವಿಲ್ಲ, ಫೋನಿಲ್ಲ. ಆದರೂ ನಮ್ಮ ಎದೆಯೊಳಗಿನದನ್ನು ಕುಳಿತಲ್ಲಿಂದಲೇ ಅಳೆದುಬಿಟ್ಟಿರಿ. ನಾನು ಇಪ್ಪತ್ತೆರಡು ವರ್ಷಗಳಿಂದ ದರ್ಜಿ. ಎದುರಿಗೆ ನಿಲ್ಲಿಸಿಕೊಳ್ಳದೆ ಒಬ್ಬರ ಅಂಗಿಯ ಅಳತೆ ತೆಗೆಯುವ ವಿದ್ಯೆ ನನಗಿನ್ನೂ ಬಂದಿಲ್ಲ.

ನನ್ನ ತಂಗಿ ನರ್ಸ್. ಆಗಷ್ಟೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಕೆಲಸ. ಮನೆಯಲ್ಲಿ ಅವಳನ್ನು ‘ಗಡಿಬಿಡಿ’ ಎನ್ನುತ್ತಿದ್ದೆವು. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಲೋಟ, ಬಾಗಿಲಾಚೆ ಒಂದು ಕಾಲು. ಆಸ್ಪತ್ರೆ ಇರುವುದು ರೈಲು ಹಳಿಗಳ ಆಚೆ. ದಾಟಲು ಹೊಸ ಪಾದಚಾರಿ ಸೇತುವೆ, ಉದ್ಘಾಟನೆಯಾಗಿ ನಾಲ್ಕು ತಿಂಗಳಾಗಿತ್ತು. ಸೇತುವೆ ಕುಸಿದು ಬೀಳುವ ಹಿಂದಿನ ವಾರ ಅವಳು, “ಅಣ್ಣಾ, ಅದು ಅಲ್ಲಾಡತ್ತೆ ಕಣೋ. ನಡೀತಿದ್ರೆ ತೊಟ್ಟಿಲಲ್ಲಿ ಇದ್ದ ಹಾಗಿರತ್ತೆ” ಎಂದಿದ್ದಳು. “ಹೊಸದಲ್ವಾ, ಹೋಗ್ತಾ ಹೋಗ್ತಾ ಸರಿಹೋಗತ್ತೆ ಬಿಡು” ಎಂದಿದ್ದೆ. ಹೊಸ ಬೂಟಿಗೆ ಹೇಳಬೇಕಾದ ಮಾತನ್ನು ಸೇತುವೆಗೆ ಹೇಳಿದ್ದೆ. ನನ್ನ ಭಾವನೆಗಳಿಗೆ ಧಕ್ಕೆ ತಂದವರ ಪಟ್ಟಿ ಮಾಡುವುದಿದ್ದರೆ ದಯವಿಟ್ಟು ನನ್ನಿಂದಲೇ ಶುರುಮಾಡಿ.

ದುರಂತದ ಬಗ್ಗೆ ಎರಡು ವ್ಯಂಗ್ಯಚಿತ್ರಗಳು ಬಂದವು. ಮೊದಲನೆಯದು ಒಂದು ಪತ್ರಿಕೆಯಲ್ಲಿ, ಮೂರನೇ ದಿನ. ಸ್ವರ್ಗದ ಬಾಗಿಲಲ್ಲಿ ಸತ್ತವರ ಸಾಲು, ಕಾವಲುಗಾರ ಹೇಳುತ್ತಾನೆ: ‘ಇಲ್ಲಿಗೆ ಬರಲು ಸೇತುವೆ ಬೇಡವಲ್ಲ!’ ಸಾಲಿನಲ್ಲಿ ನರ್ಸಿನ ಟೋಪಿ ಹಾಕಿದ, ನಾಲಿಗೆ ಹೊರಚಾಚಿದ ಒಬ್ಬ ಹೆಂಗಸೂ ಇದ್ದಳು. ಅಮ್ಮ ಆ ಹಾಳೆಯನ್ನು ಬೋರಲು ಹಾಕಿ ಎದ್ದು ಹೋದಳು, ಅವತ್ತು ಊಟ ಮಾಡಲಿಲ್ಲ. ಆ ಚಿತ್ರ ನಿಮ್ಮ ಸಮಿತಿಯ ಕಣ್ಣಿಗೆ ಬಿದ್ದಿಲ್ಲ. ಕಾವಲುಗಾರ ಯಾವ ಇಲಾಖೆಗೂ ಸೇರಿದವನಲ್ಲ ಎಂಬುದು ಕಾರಣವಿರಬಹುದೇ?

ಎರಡನೆಯದು ಇನ್ನೊಂದು ಪತ್ರಿಕೆಯಲ್ಲಿ, ಹನ್ನೊಂದನೇ ದಿನ. ಎರಡು ತುಂಡಾದ ಸೇತುವೆ. ತುಂಡುಗಳ ನಡುವೆ ಉದ್ಘಾಟನೆಯ ರಿಬ್ಬನ್ ಮಾತ್ರ ಬಿಗಿಯಾಗಿ ನಿಂತಿದೆ. ಕತ್ತರಿ ಹಿಡಿದ ದೊಡ್ಡವರೊಬ್ಬರು ಪಕ್ಕದ ಇಂಜಿನಿಯರನ ಬೆನ್ನು ತಟ್ಟುತ್ತಿದ್ದಾರೆ: ‘ಪರವಾಗಿಲ್ಲ ಕಣ್ರೀ, ರಿಬ್ಬನ್ ಗಟ್ಟಿಯಾಗಿದೆ.’ ಕೆಳಗೆ ಹಳಿಯ ಮೇಲೆ ಒಂದು ಜೊತೆ ಚಪ್ಪಲಿ.

ಇದನ್ನೇ ನೀವು ‘ಮೃತರ ಅಪಹಾಸ್ಯ’ ಎಂದು ತೀರ್ಮಾನಿಸಿ, ಸ್ವಯಂಪ್ರೇರಿತ ದೂರು ದಾಖಲಿಸಿ, ಒಂಬತ್ತೇ ದಿನಗಳಲ್ಲಿ ನಿಷೇಧದ ಆದೇಶ ಕೊಟ್ಟದ್ದು. ಇಂಥ ಚುರುಕುತನ ಅಭಿನಂದನಾರ್ಹ. ಸೇತುವೆಯ ತನಿಖೆಗೆ ಈಗ ಐದನೇ ತಿಂಗಳು, ಒಂದು ಪುಟವೂ ಹೊರಬಂದಿಲ್ಲ.

ಆ ಚಿತ್ರವನ್ನು ನಮ್ಮಮ್ಮ ನೋಡಿದ್ದು ಹೀಗೆ. ಕನ್ನಡಕ ಹಾಕಿಕೊಂಡಳು. ತುಂಬ ಹೊತ್ತು ನೋಡಿದಳು. ಆಮೇಲೆ ಗಂಟಲಿನಿಂದ ಒಂದು ಸದ್ದು ಬಂತು. ಕೆಮ್ಮು ಅಂದುಕೊಂಡು ನಾನು ನೀರು ತರಲು ಎದ್ದೆ. ಕೆಮ್ಮಲ್ಲ, ನಗು. ಹನ್ನೊಂದು ದಿನಗಳಲ್ಲಿ ಮೊದಲನೆಯದು. ನಗುತ್ತಲೇ ಅತ್ತಳು. “ಇವನ್ಯಾರೋ ನಮ್ಮ ಪರವಾಗಿ ಬೈದಿದ್ದಾನೆ ಕಣೋ,” ಎಂದಳು. ಅಲ್ಲಿಯವರೆಗೆ ನಮ್ಮ ಮನೆಗೆ ಬಂದವರೆಲ್ಲ ವಿಧಿಯನ್ನು ಬೈದಿದ್ದರು, ಹಣೆಬರಹವನ್ನು ಬೈದಿದ್ದರು. ಮನುಷ್ಯರನ್ನು ಬೈದವನು ಇವನೊಬ್ಬನೇ.

ಸಾವಿನ ಮನೆಯ ಮುಂದೆ ನಗಬಾರದು ಎಂಬುದು ನನಗೂ ಗೊತ್ತು. ಆದರೆ ಯಾರನ್ನು ನೋಡಿ ನಗುತ್ತಿದ್ದೇವೆ ಎಂಬುದಕ್ಕೆ ಏನೂ ಬೆಲೆಯಿಲ್ಲವೇ? ಬಿದ್ದವರನ್ನು ನೋಡಿ ನಗುವುದೂ ಬೀಳಿಸಿದವರನ್ನು ನೋಡಿ ನಗುವುದೂ ನಿಮ್ಮ ತಕ್ಕಡಿಯಲ್ಲಿ ಒಂದೇ ತೂಕವೇ? ಒಂದೇ ತೂಕವಾಗಿದ್ದರೆ ಮೊದಲನೆಯ ಚಿತ್ರ ಹೇಗೆ ಪಾರಾಯಿತು?

ಚಿತ್ರಕಾರ ಖುದ್ದಾಗಿ ಕ್ಷಮೆ ಕೇಳಬೇಕೆಂದು ನೀವು ಆದೇಶಿಸಿದ್ದರಿಂದ ಆತ ಒಂದು ಭಾನುವಾರ ಮಧ್ಯಾಹ್ನ ನಮ್ಮಲ್ಲಿಗೆ ಬಂದರು. ಅರವತ್ತರ ಆಸುಪಾಸು, ದಪ್ಪ ಕನ್ನಡಕ, ಬೆರಳ ತುದಿಯಲ್ಲಿ ಮಸಿ. ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ನಿಂತು, ಜೇಬಿನಿಂದ ಟೈಪು ಮಾಡಿದ ಹಾಳೆ ತೆಗೆದು, “ನನ್ನ ಚಿತ್ರದಿಂದ ತಮಗೆ ಉಂಟಾದ...” ಎಂದು ಓದತೊಡಗಿದರು.

“ಅದನ್ನ ಆ ಕಡೆ ಇಡಪ್ಪ. ಕೂತ್ಕೋ,” ಎಂದಳು ಅಮ್ಮ.

ನಾನು ಬಿಡಲಿಲ್ಲ. “ಸತ್ತಿದ್ದು ನಿಮ್ಮ ತಂಗಿ ಆಗಿದ್ರೆ ಆ ಚಿತ್ರ ಬರೀತಿದ್ರಾ?” ಎಂದು ಕೇಳಿಯೇಬಿಟ್ಟೆ.

ಅವರು ಹಾಳೆಯನ್ನು ಮಡಚಿದರು, ಬಿಚ್ಚಿದರು. “ಇಲ್ಲ. ಕೈ ಏಳ್ತಿರ್ಲಿಲ್ಲ,” ಎಂದರು. “ಬೇರೆ ಯಾರಾದ್ರೂ ಬರೀಲಿ ಅಂತ ಕಾಯ್ತಿದ್ದೆ.”

ನಾನು ಅವರಿಗೆ ಸ್ಟೂಲು ಎಳೆದು ಕೊಟ್ಟೆ. ಇದಕ್ಕೆ ನಿಮ್ಮ ಬಳಿ ಉತ್ತರವಿದ್ದರೆ ತಿಳಿಸಿ.

“ನಂದೂ ಒಂದು ದೂರಿದೆ,” ಎಂದಳು ಅಮ್ಮ. ಪಾಪ, ಅವರ ಮುಖ ಬಿಳಿಚಿಕೊಂಡಿತು. “ಹಿಮ್ಮಡಿ ಎತ್ತರದ ಚಪ್ಪಲಿ ಬರ್ದಿದ್ದೀಯಲ್ಲ. ಇಡೀ ದಿನ ನಿಂತ್ಕೊಂಡು ಕೆಲಸ ಮಾಡೋಳು ಅಂಥದ್ದು ಹಾಕ್ತಾಳೇನಪ್ಪ?”

ಆತ ಪೆನ್ಸಿಲ್ ತೆಗೆದು ಕ್ಷಮಾಪಣೆಯ ಹಾಳೆಯ ಬೆನ್ನಿಗೇ ಚಪ್ಪಟೆ ಚಪ್ಪಲಿ ಬರೆದರು. ಅಮ್ಮ ಬಗ್ಗಿ ನೋಡುತ್ತ, “ಪಟ್ಟಿ ಇನ್ನೊಂಚೂರು ಅಗಲ... ಎಡಗಾಲಿಂದು ಸ್ವಲ್ಪ ಸವೆದಿತ್ತು... ಹಾಂ, ಇದೇ,” ಎಂದಳು. ಆ ಹಾಳೆ ಈಗ ನಮ್ಮ ಮನೆಯಲ್ಲಿದೆ. ಆದ್ದರಿಂದ ಕ್ಷಮೆ ಸಲ್ಲಿಕೆಯಾಗಿದೆ ಎಂದು ತಮ್ಮ ಕಡತದಲ್ಲಿ ನಮೂದಿಸಿಕೊಳ್ಳಬಹುದು. ಅದು ಇದ್ದದ್ದು ಹಾಳೆಯ ಹಿಂಬದಿಯಲ್ಲಿ ಅಷ್ಟೇ.

ಪತ್ರಿಕೆಯವರು ಆತನನ್ನು ಕೆಲಸದಿಂದ ತೆಗೆದಿದ್ದಾರೆ. ಚಿತ್ರ ಬರುತ್ತಿದ್ದ ಮೂಲೆಯಲ್ಲಿ ಈಗ ಬಚ್ಚಲುಮನೆಯ ಟೈಲ್ಸಿನ ಜಾಹೀರಾತು. ಅಮ್ಮ ಬೆಳಗ್ಗೆ ಪೇಪರ್ ಬಿಚ್ಚಿ ಮೊದಲು ಆ ಮೂಲೆ ನೋಡುತ್ತಾಳೆ. “ಇವತ್ತೂ ಯಾರೂ ಬೈದಿಲ್ಲ,” ಎಂದು ಮಡಚಿಡುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆದೇಶವನ್ನು ಹಿಂಪಡೆಯಿರಿ, ಆ ಮನುಷ್ಯನಿಗೆ ಅವರ ಮೂಲೆ ವಾಪಸು ಸಿಗಲಿ. ಅದು ಸಾಧ್ಯವಿಲ್ಲವೆಂದಾದರೆ, ಮೂರನೇ ಪುಟದಲ್ಲಿ ‘ಮೃತರ ಕುಟುಂಬಗಳ’ ಎಂಬ ಎರಡು ಪದ ಹೊಡೆದುಹಾಕಿ, ಆ ಚಿತ್ರದಿಂದ ನಿಜವಾಗಿ ನೊಂದ ಮಹನೀಯರು ಯಾರೋ ಅವರ ಹೆಸರುಗಳನ್ನು ಪದವಿ ಸಮೇತ ಅಲ್ಲಿ ಬರೆಯಿರಿ. ತನಿಖೆಯ ಕಾಗದದಲ್ಲಂತೂ ಆ ಹೆಸರುಗಳು ಇನ್ನೂ ಬಂದಿಲ್ಲ, ನಿಮ್ಮದರಲ್ಲಾದರೂ ಬರಲಿ.

ಇಂತಿ,
ಎರಡು ಕಿಲೋಮೀಟರ್ ಸುತ್ತಾದರೂ ನೆಲದ ಮೇಲೆಯೇ ನಡೆಯುವ,
ಒಬ್ಬ ನರ್ಸಿನ ಅಣ್ಣ