ಕವಚದ ಒಳಗಿನ ಹೆಬ್ಬೆರಳು

ಮಾರ್ಚ್ ೧೧, ಮಂಗಳವಾರ

ನಿನ್ನೆ ಅಣ್ಣನನ್ನು ಒರೆಸಿಹಾಕಿದೆ. ಇವತ್ತಿಡೀ ಅದೇ ಕೊರೆಯುತ್ತಿದೆ.

ನಮ್ಮ ರೇಡಿಯೊ ದೂರದರ್ಶಕದ ರಿಸೀವರ್ ವಾರದಿಂದ ಸರಿಯಾಗಿ ತಣ್ಣಗಾಗುತ್ತಿರಲಿಲ್ಲ. ಅದು ಬೆಚ್ಚಗಿದ್ದರೆ ಅದರದೇ ಗೊರಗೊರದಲ್ಲಿ ಆಕಾಶದ ಸಣ್ಣ ದನಿ ಮುಳುಗಿಹೋಗುತ್ತದೆ. ನಿನ್ನೆ ಬಿಚ್ಚಿದರೆ ಗಾಳಿ ಒಳಗೆ ಬರದಂತೆ ತಡೆಯುವ ಸೀಲ್ ಹರಿದಿತ್ತು, ಬದಲಾಯಿಸಿದೆ. ಮುಚ್ಚುವ ಮುನ್ನ ಟಾರ್ಚ್ ಬಿಟ್ಟಾಗ ಒಳಗಿನ ತಾಮ್ರದ ಕವಚದ ಮೇಲೆ ಹೆಬ್ಬೆರಳಿನ ಜಿಡ್ಡು ಕಂಡಿತು. ನಡುವೆ ಓರೆಯಾಗಿ ಹಳೇ ಗಾಯದ ಗೆರೆ. ಅಣ್ಣನದೇ. ಆರು ವರ್ಷದ ಹಿಂದೆ ಇದನ್ನು ಜೋಡಿಸಿದವನು ಅವನು. ತೀರಿಕೊಂಡು ಎರಡು ವರ್ಷವಾಯಿತು.

"ಗ್ಲೌಸ್ ಎಲ್ಲೇ? ಒಂದ್ ಬೆರಳಿನ ಜಿಡ್ಡು ಸಾಕು, ಶಾಖ ಒಳಗೆ ಎಳ್ಕೊಳ್ಳುತ್ತೆ" ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದವನು ತಾನೇ ಬರಿಗೈಯಲ್ಲಿ ಮುಟ್ಟಿದ್ದಾನೆ, ಕಳ್ಳ!

"ಮೇಡಂ, ಮುಚ್ಚೋಣ್ವಾ?" ಎಂದರು ಫಿಟ್ಟರ್. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಒಂದೇ ಸಲಕ್ಕೆ ಹೋಯಿತು.

ಇವತ್ತು ಸಂಜೆ ರಿಸೀವರ್ ಹದಿನೈದು ಕೆಲ್ವಿನ್‌ಗೆ, ಅಂದರೆ ಮೈನಸ್ ಇನ್ನೂರ ಐವತ್ತೆಂಟು ಡಿಗ್ರಿಗೆ ಇಳಿಯಿತು. ಗೊರಗೊರ ಅಡಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ನನ್ನ ಬೆನ್ನ ಹಿಂದಿನಿಂದ "ಗ್ಲೌಸ್ ಎಲ್ಲೇ?" ಎಂದು ಸ್ಪಷ್ಟವಾಗಿ ಕೇಳಿಸಿತು. ತಿರುಗಿದರೆ ಗೋಡೆ.

ನಿನ್ನೆ ಒರೆಸಿದ ಮೇಲೆ, ಫಿಟ್ಟರ್ ಆಚೆ ತಿರುಗಿದ್ದಾಗ, ಗ್ಲೌಸ್ ಬಿಚ್ಚಿ ಅದೇ ಜಾಗದಲ್ಲಿ ನನ್ನ ಹೆಬ್ಬೆರಳು ಒತ್ತಿದ್ದೆ. ಅದು ಬೇರೆ ಯಾರಿಗೂ ಗೊತ್ತಿಲ್ಲ.